ನಿಮಗಿದು ಗೊತ್ತೆ? ಕುಡಿದಾದ ಮೇಲೆ ಗಂಟೆ ಬಾರಿಸಿ!

ಲಂಡನ್ನಿನ ಕ್ಷೌರಿಕರಿಗೂ ಶಸ್ತ್ರವೈದ್ಯರಿಗೂ 1540ರಿಂದ 1745ರವರೆಗೆ ಒಂದೇ ಸಂಘ. ಗಡ್ಡ ಹೆರೆಯುವವರೂ ಕಾಲು ಕತ್ತರಿಸುವವರೂ ಒಂದೇ ಪಂಕ್ತಿ! ದೊರೆ ಎಂಟನೇ ಹೆನ್ರಿ ಈ ಸಂಘಕ್ಕೆ ಕೊಟ್ಟ, ಚಿನ್ನದ ಲೇಪವಿರುವ ಬೆಳ್ಳಿ ಬಟ್ಟಲಿಗೆ ಪುಟ್ಟ ಗಂಟೆಗಳಿವೆ. ಪೂರ್ತಿ ಕುಡಿದವರು ಬಟ್ಟಲು ಅಲುಗಿಸಿ ಗಂಟೆ ಸದ್ದು ಮಾಡಬೇಕಿತ್ತು. ಉಳಿಸಿಕೊಂಡು ಅಲುಗಿಸಿದರೆ ಮೈಮೇಲೆ ಚೆಲ್ಲೀತು, ಮೋಸಕ್ಕೆ ಜಾಗವಿಲ್ಲ. 1663ರಲ್ಲಿ ಸ್ವತಃ ಅದರಲ್ಲಿ ಕುಡಿದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಈ ಗಂಟೆಯ ನಿಯಮವನ್ನು ಬರೆದಿಟ್ಟಿದ್ದಾನೆ.

ಇಂಥ ಹಳೆಯ ಬೆಳ್ಳಿ ಪಾತ್ರೆಗಳ ಪ್ರತಿಕೃತಿ ಮಾಡಲು 19ನೇ ಶತಮಾನದಲ್ಲಿ ವಿದ್ಯುತ್ ನೆರವಿಗೆ ಬಂತು. ಮೂಲದ ಅಚ್ಚು ತೆಗೆದು, ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದರೆ ಒಳಗೆ ತಾಮ್ರ ಕೂರುತ್ತದೆ. ಅದರ ಮೇಲೆ ಬೆಳ್ಳಿಯ ಲೇಪ. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕಂಪನಿ ಇದರಲ್ಲಿ ಹೆಸರುವಾಸಿಯಾಗಿತ್ತು. ಮೂಲದ ಮೇಲಿನ ಗೀರೂ ನಕಲಿನಲ್ಲಿ ಹಾಗೇ ಮೂಡುತ್ತಿತ್ತು.