ಮೈಕ್ ಇಲ್ಲದ ಕಾಲದ ರೆಕಾರ್ಡ್ ಸ್ಟಾರ್

ಮೈಕೇ ಇಲ್ಲದೆ ಹಾಡು ರೆಕಾರ್ಡ್ ಮಾಡೋಕಾಗುತ್ತಾ?

ಆಗುತ್ತೆ.
ಹಾಗೆ ಹಾಡಿಯೇ ಲೋಕಕ್ಕೆಲ್ಲ ಗೊತ್ತಾದವರು ಎನ್ರಿಕೊ ಕರೂಸೊ.
ಇಟಲಿಯ ನೇಪಲ್ಸ್‌ನವರು.
ಒಪೇರಾದಲ್ಲಿ ಟೆನರ್.
ಅಂದ್ರೆ, ಏರು ಶ್ರುತಿಯ ಗಂಡು ದನಿ.

1902, ಏಪ್ರಿಲ್.
ಮಿಲಾನ್‌ನ ಒಂದು ಹೋಟೆಲ್ ರೂಮು.
ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಯಂತ್ರ ಹೂಡಿದ್ರು.
10 ಹಾಡು.
100 ಪೌಂಡ್ ಸಂಭಾವನೆ.

ಹಾಡೋರ ಎದುರಿಗೆ ಒಂದು ಲೋಹದ ಕೊಂಬು.
ಎಣ್ಣೆ ಸುರಿಯೋ ಲಾಳಿಕೆ ಇದೆಯಲ್ಲ, ಥೇಟ್ ಅದೇ ಕೆಲಸ.
ಅಗಲ ಬಾಯಿಗೆ ಹಾಡಿದ್ರೆ,
ದನಿಯೆಲ್ಲ ಸಣ್ಣ ತುದಿಗೆ ಇಳಿಯುತ್ತೆ.
ಅಲ್ಲೊಂದು ತೆಳು ಪೊರೆ ಅದುರುತ್ತೆ.
ಪೊರೆ ಜೊತೆ ಸೂಜಿ ಅದುರಿ,
ತಿರುಗೋ ಮೇಣದ ತಟ್ಟೆ ಮೇಲೆ ಗೆರೆ ಕೊರೆಯುತ್ತೆ.

ಆದ್ರೆ ಈ ಕೊಂಬಿಗೆ ಎಲ್ಲ ದನಿಯೂ ಒಗ್ಗಲ್ಲ.
ಪಿಟೀಲು ಸೊರಗುತ್ತೆ.
ಮಂದ್ರ ಸ್ವರ ಮಸುಕಾಗುತ್ತೆ.
ಕರೂಸೊ ಅವರ ತುಂಬು ಕಂಠ ಮಾತ್ರ ಗಟ್ಟಿಯಾಗಿ ಮೂಡ್ತು.

ರೆಕಾರ್ಡ್ ಮಾರುಕಟ್ಟೆಗೆ ಬಂತು, ಹೆಸರು ಹಬ್ಬಿತು.
1903ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೇರಾಗೆ ಕಾಲಿಟ್ರು.
1920ರವರೆಗೂ ಅಲ್ಲಿ ಅವರದೇ ದರ್ಬಾರು.
ಜೊತೆಗೆ 200ಕ್ಕೂ ಹೆಚ್ಚು ರೆಕಾರ್ಡಿಂಗ್!

1921ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 48.
ಕಂಪನಿಗಳು ಮೈಕ್ ಹಿಡಿದು ರೆಕಾರ್ಡ್ ಮಾಡೋಕೆ ಶುರು ಮಾಡಿದ್ದು 1925ರಲ್ಲಿ.
ಅವರಿಗೆ ಆ ಭಾಗ್ಯ ಸಿಗಲೇ ಇಲ್ಲ.

ಇನ್ನೊಂದು ವಿಷಯ ಕೇಳಿ.
ಅದೇ 1902ರ ನವೆಂಬರ್‌ನಲ್ಲಿ,
ಇದೇ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದು
ಗಾಯಕಿ ಗೌಹರ್ ಜಾನ್ ಅವರ ಹಾಡು ರೆಕಾರ್ಡ್ ಮಾಡಿದ್ರು.
ಆಕೆ ಕೊನೆಗಾಲ ಕಳೆದದ್ದು ನಮ್ಮ ಮೈಸೂರಲ್ಲಿ!

ಇಬ್ಬರ ಹಾಡೂ ಆನ್‌ಲೈನ್‌ನಲ್ಲಿ ಸಿಗುತ್ತೆ.
ಒಂದಾದ ಮೇಲೆ ಒಂದು ಕೇಳಿ,
ಯಾವುದು ಹಿಡಿಸ್ತು ಅಂತ ಕಾಮೆಂಟ್ ಮಾಡಿ.