ಕಡಲಗಾಳಿಗೆ ಒಡ್ಡಿದ ಕಾಗದ

ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಜಾಲಿಯ ಬಳಗಕ್ಕೆ ಸೇರಿದ ಮರಗಳ ಅಂಟಿನಲ್ಲಿ ಕಲಸಿ ತಯಾರಿಸಿದ, ನೀರು ಸೋಕಿದೊಡನೆ ಕರಗಿ ಕಾಗದದ ಮೇಲೆ ಹರಿಯುವ, ನೀರು ಆರಿದ ಮೇಲೆ ಅಲ್ಲಿಯೇ ಕಚ್ಚಿಕೊಳ್ಳುವ ಬಣ್ಣ. ಈ ಅಂಟು ಮಾರುಕಟ್ಟೆಗೆ ಬರುವುದು ಬಹುಪಾಲು ಸುಡಾನ್ ಮತ್ತು ಅದರ ನೆರೆಯ ಒಣಸೀಮೆಗಳಿಂದಾದರೂ, ಅದನ್ನು ಸುರಿಸುವ ಮರದ ಬಂಧುವೇ ಆದ ಕರಿಜಾಲಿ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯವರಿಗೆ ಚಿರಪರಿಚಿತ. ಒಣನೆಲದ ಅಂಟನ್ನು ನಂಬಿದ ಈ ಮಾಧ್ಯಮವು ತನ್ನ ಗುಣವನ್ನೆಲ್ಲ ಬಿಚ್ಚಿ ತೋರುವುದು ತೇವ ತುಂಬಿದ ಗಾಳಿಯಲ್ಲಿ. ಆದ್ದರಿಂದ ಬಯಲುಸೀಮೆಯಲ್ಲಿ ಕುಂಚ ಹಿಡಿಯಲು ಕಲಿತವರಿಗೆ ಕಡಲತೀರವು ಎರಡನೆಯ ಪಾಠಶಾಲೆ.

ಬಣ್ಣವನ್ನು ಮನೆಯಿಂದಾಚೆ ಹೊತ್ತೊಯ್ಯುವುದು ಸುಲಭವಾದದ್ದು ಈಚಿನ ಶತಮಾನಗಳಲ್ಲಿ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನ ರೀವ್ಸ್ ಸೋದರರು ಬಣ್ಣದ ಬಿಲ್ಲೆಗಳನ್ನು ಮಾರಿದರು. 1832ರಲ್ಲಿ ಆರಂಭವಾದ ವಿನ್ಸರ್ ಅಂಡ್ ನ್ಯೂಟನ್ ಸಂಸ್ಥೆಯು ಕೆಲವೇ ವರ್ಷಗಳಲ್ಲಿ ಗ್ಲಿಸರಿನ್ ಬೆರೆಸಿ ಸದಾ ಮೆತ್ತಗಿರುವ ಬಣ್ಣವನ್ನು ತಂದಿತು. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಹಿಸುಕಿದರೆ ಬಣ್ಣ ಹೊರಬರುವ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅಂಗೈಯಗಲದ ಪೆಟ್ಟಿಗೆ, ಒಂದು ದಪ್ಪ ಕುಂಚ, ಒಂದು ತೆಳು ಕುಂಚ, ಹಲಗೆಗೆ ಅಂಟಿಸಿದ ಕಾಗದ, ಬಾಟಲಿಯಲ್ಲಿ ಸಿಹಿನೀರು, ಇವಿಷ್ಟಿದ್ದರೆ ಇಂದಿಗೂ ಸಾಕು.

ಕರ್ನಾಟಕದಲ್ಲಿ ಈ ಕಲೆಗೆ ಗಟ್ಟಿಯಾದ ಪರಂಪರೆಯಿದೆ. ಕೆ. ವೆಂಕಟಪ್ಪನವರು ಊಟಿ ಮತ್ತು ಕೊಡೈಕೆನಾಲ್‌ಗಳ ಮಂಜನ್ನೂ ಮೋಡವನ್ನೂ ಜಲವರ್ಣದಲ್ಲಿ ಹಿಡಿದರು. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಬಿಟ್ಟ ಮರಗಳ ಎದುರೇ ನಿಂತು ಬಣ್ಣ ಹಾಕಿದರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು, ಒಂದೆರಡು ಗೆರೆಗಳಲ್ಲೇ ಚಲನೆಯನ್ನು ಸೆರೆಹಿಡಿಯುವ ರೇಖಾಚಿತ್ರಗಳಿಂದ ಹೆಸರಾದರು. ಬಿಳಿಚೋಡಿಗೆ ತೀರ ಹತ್ತಿರದ ನೆಲೆಯೆಂದರೆ 1964ರಲ್ಲಿ ಆರಂಭವಾಗಿ ಈಗ ದಾವಣಗೆರೆ ವಿಶ್ವವಿದ್ಯಾಲಯದ ಅಂಗವಾಗಿರುವ ದೃಶ್ಯಕಲಾ ಮಹಾವಿದ್ಯಾಲಯ. ಮಧ್ಯ ಕರ್ನಾಟಕದ ಹಳ್ಳಿಗಳ ಮಕ್ಕಳಿಗೆ ಕಲಾಶಿಕ್ಷಣದ ಬಾಗಿಲು ತೆರೆದ ಈ ಸಂಸ್ಥೆಗೆ ನಾಡು ಇನ್ನೂ ಹೆಚ್ಚಿನ ಗೌರವ ಸಲ್ಲಿಸಬೇಕಾಗಿದೆ.

ದಾವಣಗೆರೆಯಿಂದ ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾದು ಆಗುಂಬೆ ಘಾಟಿ ಇಳಿದರೆ ಉಡುಪಿ, ಅಲ್ಲಿಂದ ಕೂಗಳತೆಯಲ್ಲಿ ಮಲ್ಪೆ. ಈ ಒಂದು ದಿನದ ದಾರಿಯಲ್ಲಿ ಗಾಳಿಯೇ ಬದಲಾಗುತ್ತದೆ: ಜಗಳೂರು ಮಳೆಗಾಗಿ ಮುಗಿಲು ನೋಡುವ ತಾಲ್ಲೂಕು, ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಮಳೆ 4000 ಮಿಲಿಮೀಟರಿಗೂ ಮಿಕ್ಕಿದ್ದು. ಚಿತ್ರಕಾರನಿಗೆ ಈ ವ್ಯತ್ಯಾಸ ಮೊದಲು ಗೊತ್ತಾಗುವುದು ವಾಶ್‌ನಲ್ಲಿ, ಅಂದರೆ ಬಣ್ಣದ ನೀರನ್ನು ಕಾಗದದ ಅಗಲಕ್ಕೂ ಒಂದೇ ಸಮನೆ ಹರಡುವ ಕ್ರಮದಲ್ಲಿ. ಬಿಳಿಚೋಡಿನ ಬೇಸಿಗೆಯ ಬಿಸಿಲಿನಲ್ಲಿ ಹರಡಿದ ಬಣ್ಣ ನೋಡನೋಡುತ್ತಲೇ ಆರುತ್ತದೆ. ನೀರು ಅಂಚಿನಲ್ಲಿ ಬೇಗ ಆವಿಯಾಗುವುದರಿಂದ ಒಳಗಿನ ನೀರು ಬಣ್ಣದ ಕಣಗಳನ್ನು ಹೊತ್ತು ಅಂಚಿನತ್ತ ಸರಿದು ಅಲ್ಲಿ ಗಾಢವಾದ ಗೆರೆ ಕಟ್ಟುತ್ತದೆ. ಅದನ್ನು ತಪ್ಪಿಸಲು ಅಲ್ಲಿನವರು ಕುಂಚದ ತುಂಬ ನೀರು ತೆಗೆದುಕೊಂಡು ಬೇಗ ಬೇಗ ಕೆಲಸ ಮುಗಿಸುವುದನ್ನು ರೂಢಿಸಿಕೊಂಡಿರುತ್ತಾರೆ. ಅದೇ ಕೈ ಮಲ್ಪೆಯ ನೆರಳಿನಲ್ಲಿ ಕುಳಿತಾಗ ಆಕಾಶದ ನೀಲಿ ಎಷ್ಟು ಹೊತ್ತಾದರೂ ಒದ್ದೆಯಾಗಿಯೇ ಇರುತ್ತದೆ. ತಾಳ್ಮೆಗೆಟ್ಟು ಅರೆ ಆರಿದ ಬಣ್ಣದ ಮೇಲೆ ಮತ್ತಷ್ಟು ನೀರಿನ ಕುಂಚ ಇಟ್ಟರೆ, ಹೊಸ ನೀರು ಹಳೆಯ ಕಣಗಳನ್ನು ಪಕ್ಕಕ್ಕೆ ತಳ್ಳಿ ಹೂಕೋಸಿನಂಥ ಕಲೆ ಮೂಡಿಸುತ್ತದೆ. ಇಲ್ಲಿ ನೀರು ಕಡಿಮೆ ಬಳಸಬೇಕು, ಕಾಯಬೇಕು, ಕಾಯುವ ಹೊತ್ತಿನಲ್ಲಿ ಕಾಗದದ ಮತ್ತೊಂದು ಮೂಲೆಯಲ್ಲಿ ಕೆಲಸ ಮಾಡಬೇಕು. ತೇವದ ಗಾಳಿ ಕೊಡುವ ಲಾಭವೂ ದೊಡ್ಡದು: ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಬಿಡುವ ವಿಧಾನದಲ್ಲಿ ಕಡಲೂ ಮುಗಿಲೂ ಕೂಡುವ ಗೆರೆಯನ್ನು ನಿಧಾನವಾಗಿ ಕರಗಿಸಲು ಬೇಕಾದಷ್ಟು ಸಮಯ ಸಿಗುತ್ತದೆ, ಮತ್ತು ಕರಾವಳಿಯ ಅನೇಕ ದಿನಗಳಲ್ಲಿ ಆ ಗೆರೆ ಕಣ್ಣಿಗೂ ಹಾಗೆಯೇ ಕಾಣುತ್ತದೆ.

ನಮ್ಮದು ಪಡುವಣ ಕಡಲು. ಬೆಳಿಗ್ಗೆ ಸೂರ್ಯ ಚಿತ್ರಕಾರನ ಬೆನ್ನಿಗಿರುವುದರಿಂದ ದೋಣಿಗಳ ಕೆಂಪು, ಹಸಿರು, ನೀಲಿಗಳು ಸ್ಪಷ್ಟವಾಗಿ ತೋರುತ್ತವೆ. ಸಂಜೆ ಅವನು ಎದುರಿಗೆ ಬಂದಾಗ ದೋಣಿಗಳೆಲ್ಲ ಕಪ್ಪು ಆಕಾರಗಳಾಗಿ, ನೀರಿನ ಮೇಲೆ ಮಿಂಚಿನ ಹಾದಿ ಬೀಳುತ್ತದೆ. ಪಾರದರ್ಶಕ ಜಲವರ್ಣದಲ್ಲಿ ಬಿಳಿ ಎಂದರೆ ಬಣ್ಣ ತಾಗದ ಕಾಗದವೇ ಆದ್ದರಿಂದ ಈ ಮಿಂಚನ್ನು ಕೊನೆಗೆ ಸೇರಿಸಲು ಬರುವುದಿಲ್ಲ, ಮೊದಲೇ ಉಳಿಸಿಕೊಳ್ಳಬೇಕು. ತರಿತರಿಯಾದ ಕಾಗದದ ಮೇಲೆ ಬಹುತೇಕ ಒಣಗಿದ ಕುಂಚವನ್ನು ಅಡ್ಡವಾಗಿ ಒಮ್ಮೆ ಎಳೆದರೆ ಉಬ್ಬುಗಳಿಗೆ ಮಾತ್ರ ಬಣ್ಣ ಹತ್ತಿ ತಗ್ಗುಗಳು ಬಿಳಿಯಾಗಿ ಹೊಳೆಯುತ್ತವೆ. ಎರಡನೆಯ ಸಲ ಎಳೆದರೆ ಹೊಳಪು ಹೋಯಿತು. ಒಂದೇ ಸಲಕ್ಕೆ ಸಾಧಿಸಬೇಕಾದ ಇಂಥ ಕೆಲಸವೇ ಈ ಕಲೆಯ ನಿಜವಾದ ಆಕರ್ಷಣೆ.

ಮಲ್ಪೆಯ ದಕ್ಕೆ, ಅಂದರೆ ಮೀನುಗಾರಿಕೆಯ ಬಂದರು, ವರ್ಷದ ಬಹುಕಾಲ ನಿಲ್ಲದೆ ಚಲಿಸುತ್ತಿರುವ ಜಾಗ. ಗೆರೆ ಮುಗಿಯುವ ಮೊದಲೇ ಎದುರಿನ ಬೋಟು ಹೊರಟುಬಿಡಬಹುದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಳ ಸಂತಾನವೃದ್ಧಿಗಾಗಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಬೋಟುಗಳೆಲ್ಲ ಒತ್ತೊತ್ತಾಗಿ ದಕ್ಕೆಯಲ್ಲಿ ನಿಲ್ಲುತ್ತವೆ. ಕಂಬಗಳ, ಹಗ್ಗಗಳ, ಬಲೆಗಳ ಆ ದಟ್ಟಣೆಯನ್ನು ಬಿಡಿಸಿ ನೋಡಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಆಗ ಮಳೆಯೂ ಇರುವುದರಿಂದ ಚಾವಣಿಯ ಆಸರೆ ಬೇಕು. ಕಡಲೂ ಆಗ ನೀಲಿಯಾಗಿರುವುದಿಲ್ಲ; ಹೊಳೆಗಳು ತಂದ ಮಣ್ಣಿನಿಂದ ಕದಡಿದ ಅದಕ್ಕೆ ಮಣ್ಣಿನ ಹಳದಿಯನ್ನೂ ಬೂದು ಹಸಿರನ್ನೂ ಬೆರೆಸಬೇಕಾಗುತ್ತದೆ. ಕುಂಚ ತೊಳೆಯಲು ಕಡಲ ನೀರನ್ನು ಬಳಸದಿರುವುದು ಲೇಸು, ಅದರ ಉಪ್ಪು ಬಣ್ಣದ ಕಣಗಳನ್ನು ಚದುರಿಸಿ ಚುಕ್ಕೆಗಳನ್ನು ಉಳಿಸುತ್ತದೆ. ಬರೆದ ಹಾಳೆಗಳನ್ನು ಪೂರ್ತಿ ಆರಿಸದೆ ಮಡಿಸಿಟ್ಟರೆ ಬೂಷ್ಟು ಹಿಡಿಯುವುದು ಖಚಿತ.

ಮಳೆ ಕಳೆದು ದೋಣಿ ಸಂಚಾರ ಆರಂಭವಾದ ಮೇಲೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಲಾವಾ ತಣಿದು ಕುಗ್ಗುವಾಗ ಸೀಳಿ ಉಂಟಾದ ಅಲ್ಲಿನ ಬಹುಮುಖದ ಕಲ್ಲುಕಂಬಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿವೆ. ಒಂದೊಂದು ಕಂಬಕ್ಕೂ ಬೆಳಕಿನ ಮುಖ, ನೆರಳಿನ ಮುಖ, ನಡುವಣ ಮುಖ ಬೇರೆಬೇರೆಯಾಗಿ ಕಾಣುವುದರಿಂದ ಮೂರೇ ಛಾಯೆಗಳಲ್ಲಿ ಘನಾಕಾರವನ್ನು ತೋರಿಸುವ ಅಭ್ಯಾಸವನ್ನು ಹೊಸದಾಗಿ ಕುಂಚ ಹಿಡಿದವರು ಅಲ್ಲಿಂದಲೇ ಆರಂಭಿಸಬಹುದು.