ಬಿಲ್ ಬಂತು: ಕೊಡಲಿಕ್ಕೋ, ತೊಗೊಳ್ಳಲಿಕ್ಕೋ?

ಬೆಂಗಳೂರಿನ ಮನೆಯೊಂದರಲ್ಲಿ ‘ಬಿಲ್ ಬಂತು’ ಎಂದರೆ ಯಜಮಾನರ ಹುಬ್ಬು ಗಂಟಿಕ್ಕುತ್ತದೆ. ಅದೇ ಮಾತನ್ನು ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಯಾವುದಾದರೂ ಹಳ್ಳಿಯ ಕಟ್ಟೆಯ ಮೇಲೆ ಹೇಳಿ ನೋಡಿ. ಕುಳಿತವರ ಮುಖ ಅರಳುತ್ತದೆ. ‘ಯಾವ ಫ್ಯಾಕ್ಟರೀದು? ಟನ್ನಿಗೆ ಎಷ್ಟ ಹಾಕ್ಯಾರ?’ ಎಂಬ ಪ್ರಶ್ನೆಗಳು ಒಟ್ಟಿಗೇ ಬರುತ್ತವೆ. ಕಬ್ಬು ಬೆಳೆಯುವ ಈ ನೆಲದಲ್ಲಿ ಬಿಲ್ ಎಂದರೆ ಮೊದಲು ನೆನಪಾಗುವುದು ಕೊಡಬೇಕಾದ ಹಣವಲ್ಲ, ಬರಬೇಕಾದ ಹಣ.

ಇಂಗ್ಲಿಷಿನ ಈ ಪುಟ್ಟ ಪದ ಬಹಳ ದೂರದಿಂದ ಬಂದದ್ದು. ಲ್ಯಾಟಿನ್ನಿನ ‘ಬುಲ್ಲಾ’ ಎಂದರೆ ಮೊದಲು ನೀರಗುಳ್ಳೆ. ಆಮೇಲೆ ಅದರಂತೆ ದುಂಡಗಿರುವ ಮುದ್ರೆ. ಕೊನೆಗೆ ಮುದ್ರೆ ಒತ್ತಿದ ಪತ್ರ. ಪೋಪರ ಆಜ್ಞಾಪತ್ರಕ್ಕೆ ‘ಬುಲ್’ ಎಂಬ ಹೆಸರು ಬಂದದ್ದೂ, ನಮ್ಮ ವಾರ್ತೆಯ ‘ಬುಲೆಟಿನ್’ ಹುಟ್ಟಿದ್ದೂ ಇದೇ ಬೇರಿನಿಂದ. ಹಕ್ಕಿಯ ಕೊಕ್ಕಿಗೂ ಹಳೆಯ ಕಾಲದ ಒಂದು ಆಯುಧಕ್ಕೂ ಇಂಗ್ಲಿಷಿನಲ್ಲಿ ಬಿಲ್ ಎನ್ನುತ್ತಾರಾದರೂ ಅವು ಬೇರೆ ಪದಗಳು. ನಮ್ಮ ಅರ್ಜುನನ ಬಿಲ್ಲಿಗಂತೂ ಇದರ ನೆಂಟಸ್ತಿಕೆಯೇ ಇಲ್ಲ.

ಮೂಲದಲ್ಲಿ ಬಿಲ್ ಎಂದರೆ ಬರೀ ಬರಹದ ಪತ್ರ. ಆದ್ದರಿಂದಲೇ ಅದು ಯಾವ ವೇಷ ಹಾಕಲೂ ಸಿದ್ಧ. ಜಾತ್ರೆಯಲ್ಲಿ ನಾಟಕ ಕಂಪನಿ ಹಂಚುವುದು ಹ್ಯಾಂಡ್‌ಬಿಲ್. ಶಾಸನಸಭೆಯ ಮುಂದೆ ಬರುವುದೂ ಬಿಲ್. ಅದಕ್ಕೆ ನಾವು ಅರಬ್ಬಿ ಮೂಲದ ‘ಮಸೂದೆ’ ಎಂಬ ಪದವನ್ನು ಬಳಸುತ್ತೇವೆ. ಗುತ್ತಿಗೆದಾರನ ಬಿಲ್ಲೂ ‘ಪಾಸ್’ ಆಗಬೇಕು, ಸರ್ಕಾರದ ಬಿಲ್ಲೂ ‘ಪಾಸ್’ ಆಗಬೇಕು. ಯಾವುದು ಬೇಗ ಆಗುತ್ತದೆ ಎಂಬುದನ್ನು ಓದುಗರೇ ಊಹಿಸಲಿ.

ಕೊಡುವ ಬಿಲ್ಲು ಈ ಸೀಮೆಯಲ್ಲಿ ಪಡೆಯುವ ಬಿಲ್ಲೂ ಆದದ್ದು ಹೇಗೆ? ಅದಕ್ಕೆ ಇಲ್ಲಿ ಮೊದಲೇ ಇದ್ದ ‘ಪಟ್ಟಿ’ ಎಂಬ ಪದವನ್ನು ನೋಡಬೇಕು ಎಂದು ನನಗೆ ತೋರುತ್ತದೆ. ಜಮಖಂಡಿ, ಮುಧೋಳಗಳು 1948ರವರೆಗೆ ಪಟವರ್ಧನ, ಘೋರ್ಪಡೆ ಮನೆತನಗಳ ಸಂಸ್ಥಾನಗಳು. ಮರಾಠಿ ಲೆಕ್ಕಪತ್ರದ ಮಾತು ಇಲ್ಲಿನ ನಾಲಿಗೆಯಲ್ಲಿ ಇನ್ನೂ ಉಳಿದಿದೆ. ಮನೆಪಟ್ಟಿ, ನೀರಪಟ್ಟಿ ನಾವು ಕಟ್ಟುವಂಥವು. ಆದರೆ ಅಡತಿ ಅಂಗಡಿಯಲ್ಲಿ ಮಾಲು ಮಾರಿದ ರೈತನ ಕೈಗೆ ಬರುವ ಲೆಕ್ಕದ ಚೀಟಿಯೂ ಪಟ್ಟಿಯೇ. ಎರಡೂ ಕಡೆ ಹರಿಯುವ ಪದ ಮೊದಲೇ ಇದ್ದ ಊರಿಗೆ ಬಿಲ್ ಬಂದಾಗ ಅದೂ ಎರಡೂ ಕಡೆ ಹರಿಯಿತು.

ರಬಕವಿ-ಬನಹಟ್ಟಿಯ ನೇಕಾರನಿಗೆ ಮಾತ್ರ ಈ ಸುಖವಿಲ್ಲ. ಮಾಲೀಕರ ನೂಲು ತಂದು ಸೀರೆ ನೇಯುವವನಿಗೆ ಬರುವುದು ಮಜೂರಿ. ಬಿಲ್ ಎಂದರೆ ಅವನಿಗೆ ಲೈಟ್ ಬಿಲ್ಲೇ, ಏಕೆಂದರೆ ವಿದ್ಯುತ್ ಮಗ್ಗದ ಜೀವ ಇರುವುದೇ ಅದರಲ್ಲಿ. ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್, 2002ರಲ್ಲಿ ಹೆಸ್ಕಾಂ ಬಂದರೂ ‘ಕೆಇಬಿ ಬಿಲ್’ ಎನ್ನುವವರು ಇದ್ದಾರೆ.

ಕಬ್ಬಿನ ಬಿಲ್ಲಿನ ಒಳಗನ್ನು ಸ್ವಲ್ಪ ನೋಡಬೇಕು. ಕಬ್ಬಿನ ಗಾಡಿ ಕಾರ್ಖಾನೆಯ ಕಾಟಾ ಹತ್ತಿ ಇಳಿದಾಗ ತೂಕದ ಚೀಟಿ ಸಿಗುತ್ತದೆ. ಈ ಚೀಟಿಗಳ ಮೊತ್ತವೇ ಮುಂದೆ ಬಿಲ್. ಕಟಾವು ಮತ್ತು ಸಾಗಣೆ ವೆಚ್ಚ, ಸೊಸಾಯಿಟಿಯ ಸಾಲ ಮುರಿದು ಉಳಿದದ್ದು ರೈತನ ಖಾತೆಗೆ. ಹಣ ಒಮ್ಮೆಗೇ ಬರುವುದು ಅಪರೂಪ. ಆದ್ದರಿಂದ ಮೊದಲ ಬಿಲ್, ಎರಡನೇ ಬಿಲ್ ಎಂಬ ಮಾತುಗಳು. ಇನ್ನೊಂದು ಬಗೆಯೂ ಉಂಟು: ಬಾಕಿ ಬಿಲ್.

‘ಬಿಲ್ ಬಂತೇನ್ರಿ ಕಾಕಾ?’ ಎಂದರೆ, ‘ಎಲ್ಲಿ ಬಿಲ್ಲೋ ತಮ್ಮಾ, ಹ್ವಾದ ಹಂಗಾಮಿಂದ ಇನ್ನಾ ಬಂದಿಲ್ಲ’ ಎಂಬ ಉತ್ತರ ಈ ಭಾಗದಲ್ಲಿ ಹೊಸದಲ್ಲ. ಕಾನೂನು ಹೇಳುವುದೇ ಬೇರೆ. ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಟನ್ನಿಗೆ 3,000 ರೂಪಾಯಿಯಂತೆ 50 ಟನ್ ಕೊಟ್ಟವನಿಗೆ ಬರಬೇಕಾದ್ದು ಒಂದೂವರೆ ಲಕ್ಷ. ಒಂದು ತಿಂಗಳು ತಡವಾದರೆ ಬಡ್ಡಿಯೇ 1,875 ರೂಪಾಯಿ. ಬಿಲ್ ಕೈಗೆ ಬಂದಾಗ ಈ ಬಡ್ಡಿಯ ಸಾಲು ಅದರಲ್ಲಿ ಇದೆಯೇ ಎಂದು ಓದಿ ನೋಡುವುದು ಒಳ್ಳೆಯದು.

ಕಬ್ಬಿನ ಖರೀದಿ ಮತ್ತು ಸರಬರಾಜು ನಿಯಂತ್ರಣಕ್ಕೆ ರಾಜ್ಯವೂ 2013ರಲ್ಲಿ ಕಾಯ್ದೆ ಮಾಡಿತು. ಅಂದರೆ ಈ ಬಿಲ್ಲಿಗಾಗಿ ಆ ಬಿಲ್ ಪಾಸಾಯಿತು. ಆದರೂ 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಬೀದಿಗಿಳಿದರು. ಸರ್ಕಾರ 3,300 ಎಂದಿತು, ಮುಧೋಳ ಭಾಗದವರು ಒಪ್ಪಲಿಲ್ಲ. ಸಮೀರವಾಡಿಯ ಬಳಿ ಕಬ್ಬು ತುಂಬಿ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬೆಂಕಿ ಬಿತ್ತು. ಸುಟ್ಟ ಕಬ್ಬೂ ಯಾರದೋ ಬಿಲ್ಲೇ ಆಗಿತ್ತು.

ಊರಲ್ಲಿ ಇನ್ನೊಬ್ಬರಿದ್ದಾರೆ, ಪಂಚಾಯಿತಿಯ ಬಿಲ್ ಕಲೆಕ್ಟರ್. ಹೆಸರು ಇಂಗ್ಲಿಷಿನದಾದರೂ ಅವರು ಕೇಳಲು ಬರುವುದು ಮನೆಪಟ್ಟಿ, ನೀರಪಟ್ಟಿ. ಬಾಗಿಲಲ್ಲಿ ಅವರಿಗೆ ಸಿಗುವ ಉತ್ತರ: ‘ಫ್ಯಾಕ್ಟರಿ ಬಿಲ್ ಆಗ್ಲಿ ತಡೀರಿ ಸಾಹೇಬ್ರ, ನಿಮ್ದೂ ಕೊಟ್ಟಬಿಡ್ತೀವಿ.’